ಏಳೆರಡ್ಲೆ ಹದಿಮೂರು

ಮಾಲ್ದಾರೆಯಿಂದಾಚೆ, ತೋಟದ ಲೈನಿನ ಪಕ್ಕ
ಒಂದು ಕೋಣೆ, ಮೂರು ತರಗತಿ, ಇಪ್ಪತ್ತಾರು ಮಕ್ಕಳು,
ಟೀಚರು ನಾನೊಬ್ಬಳೇ.
ಮೊದಮೊದಲು ನಾನೂ ಎಲ್ಲರ ಲೆಕ್ಕಕ್ಕೂ ಓಡಿದವಳೇ:
ಇಲ್ಲಿ ಸೊನ್ನೆ ತಿದ್ದಿ, ಅಲ್ಲಿ ದಶಕ ದಾಟಿಸಿ,
ಮಿಸ್ ಇದು ಸರಿಯಾ, ಮಿಸ್ ಮುಗೀತು, ಮಿಸ್ ಇವ್ನು ನೋಡ್ತಾನೆ.
ಸಂಜೆಗೆ ಗಂಟಲ ತುಂಬ ಸೀಮೆಸುಣ್ಣ,
ಅವರ ಪುಸ್ತಕದಲ್ಲೆಲ್ಲ ನನ್ನದೇ ಅಕ್ಷರ.

ಈ ವರ್ಷ ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿದೆ.
ಮುಂದೆ ಲೆಕ್ಕ, ಹಿಂದೆ ಉತ್ತರ.
ಉತ್ತರದ ಪಕ್ಕ ಒಮ್ಮೊಮ್ಮೆ ಗಣಪತಿಯ ಅರ್ಧ ಸೊಂಡಿಲು,
ಇಲ್ಲವೇ ಯಾರದೋ ‘ದ್ವಿತೀಯ ಪುತ್ರಿ’ ಅಷ್ಟು ಮಾತ್ರ.
ಬಿಸ್ಕತ್ತಿನ ಡಬ್ಬಿಗಳಿಗೆ ತುಂಬಿ ಕಿಟಕಿಯ ಕಟ್ಟೆಯ ಮೇಲಿಟ್ಟೆ:
ಹಸಿರು ದಾರದ್ದು ಕೂಡೋದು, ನೀಲಿಯದು ಕಳೆಯೋದು,
ಕೆಂಪಿನದು ಮಗ್ಗಿ.
ತಾವೇ ತೆಗೆಯಬೇಕು, ತಾವೇ ಮಾಡಬೇಕು,
ತಾವೇ ತಿರುಗಿಸಿ ನೋಡಬೇಕು.
ಮೊದಲೇ ತಿರುಗಿಸಿದರೆ ನಿಮಗೇ ನಷ್ಟ, ಅಂದೆ.
ಮೊದಲ ವಾರ ಎಲ್ಲರೂ ಖುಷಿಯಾಗಿ ನಷ್ಟ ಮಾಡಿಕೊಂಡರು.

ಕಷ್ಟವಾದದ್ದು ಅವರಿಗಲ್ಲ.
ಒಂದನೆಯವರ ಚಾಪೆಯಲ್ಲಿ ಕೂತು
ಮೂರನೆಯವರಿಗೆ ಬೆನ್ನು ಹಾಕುವುದು,
ಬೆನ್ನಿಗೆ ಕಿವಿ ಮೂಡಿಸಿಕೊಂಡು ಸುಮ್ಮನಿರುವುದು,
ಅದನ್ನು ಡಿ.ಎಡ್.ನಲ್ಲಿ ಯಾರೂ ಕಲಿಸಿರಲಿಲ್ಲ.

ಜನವರಿ. ರೊಬಸ್ಟಾ ಕೊಯ್ಲು.
ದಾರಿಯಲ್ಲಿ ಆನೆ ನಿಂತಿತ್ತೆಂದು ಅರ್ಧ ತರಗತಿ ತಡವಾಗಿ ಬಂತು.
ಬೊಳ್ಳಿಯ ಲಂಗದ ಮಡಿಲಲ್ಲಿ
ಬೇಲಿಯಾಚೆ ಉದುರಿದ್ದ ಹಣ್ಣು.
ಕೆಂಪು ಡಬ್ಬಿಯಿಂದ ಅವಳ ಕೈಗೆ ಬಂದದ್ದು ೭ × ೨.
ಹಣ್ಣಲ್ಲಿ ಮಾಡ್ತೀನಿ, ಅಂದಳು.
ಹಣ್ಣಿಗೆ ಎರಡು ಬೀಜ, ಇಲ್ಲಿ ಯಾರಿಗೆ ಗೊತ್ತಿಲ್ಲ?

ಚಿಟ್, ಚಿಟ್, ಹಿಚುಕುವ ಸದ್ದು.
ಬೆನ್ನ ಹಿಂದೆ ಎಣಿಕೆ. ಮತ್ತೆ ಎಣಿಕೆ.
“ಹದಿಮೂರು.”

ಸಫ್ವಾನ್ ಕಾರ್ಡು ತಿರುಗಿಸಿದ.
“ಹದಿನಾಲ್ಕು. ನಿಂದು ತಪ್ಪು.”
“ನೀನೇ ಎಣ್ಸು.”
ಎಣಿಸಿದ.
“ಒಂದು ಬಿದ್ದೋಗಿರ್ಬೇಕು.”
ಬೆಂಚಿನಡಿ ನಾಲ್ಕು ಮೊಣಕಾಲು ತೆವಳಿದವು.

ನನ್ನ ಕೈಯ ಕೆಂಪು ಪೆನ್ನು ತುರಿಸಿತು.
ಮುಚ್ಚಳ ತೆಗೆದೆ. ಮುಚ್ಚಳ ಹಾಕಿದೆ.
ಎದುರಿಗೊಬ್ಬ ಪುಟ್ಟ, ಸೊನ್ನೆಯ ಮೇಲೆ ಸೊನ್ನೆ ಪೇರಿಸಿ
ಎಂಟು ಕಟ್ಟುತ್ತಿದ್ದ.
ಅದು ಬೀಳುತ್ತದೋ ಎಂಬಂತೆ ಅದನ್ನೇ ನೋಡುತ್ತ ಕೂತೆ.

ಆಗ ರಫೀಕುಲ್,
ಅಸ್ಸಾಮಿನಿಂದ ಬಂದು ಆರು ತಿಂಗಳು,
ಕನ್ನಡ ಇನ್ನೂ ಅವನ ಬಾಯಲ್ಲಿ ಜಾರುವ ಒದ್ದೆ ಬೀಜ,
ಒಂದನ್ನು ಎತ್ತಿ ಹಿಡಿದ:
“ಇದು ಗೋಲ.”

ಉಳಿದವಕ್ಕೆಲ್ಲ ಒಂದು ಮಗ್ಗುಲು ಚಪ್ಪಟೆ,
ಜೊತೆಯಲ್ಲಿ ಒರಗಿ ಮಲಗಿದ ಗುರುತು.
ಇದು ಇಡೀ ಹಾಸಿಗೆ ತನ್ನದೆಂದು
ಹೊರಳಾಡಿ ದುಂಡಗಾದದ್ದು.
“ಒಂಟಿ ಬೀಜ,” ಬೊಳ್ಳಿ ಅಂದಳು, “ಅವ್ವ ತೋರ್ಸಿದ್ಳು.”

ಗದ್ದಲ. ಇನ್ನೂ ಹತ್ತು ಹಣ್ಣು ಹಿಚುಕಿದರು: ಹತ್ತೊಂಬತ್ತು.
ಮತ್ತೆ ಹತ್ತು: ಇಪ್ಪತ್ತು.
ಕವಿಯರಸು ಸ್ಲೇಟಿನ ನಡುವೆ ಗೆರೆ ಎಳೆದ,
ಆ ಕಡೆ ಜೋಡಿ, ಈ ಕಡೆ ಒಂಟಿ.
ಸಫ್ವಾನ್ ಎಷ್ಟೋ ಹೊತ್ತು ತಲೆ ಕೆರೆದು
ಏಳೆರಡ್ಲೆ ಹದಿನಾಲ್ಕು, ಅದ್ರಲ್ಲಿ ಒಂದು ಕಳಿ, ಅಂದ.
ಮಗ್ಗಿಯ ಡಬ್ಬಿಗೆ ಕಳೆಯುವ ಲೆಕ್ಕ ನುಗ್ಗಿತು,
ನನ್ನ ದಾರದ ಬಣ್ಣಗಳನ್ನು ಯಾರು ಕೇಳಿದರು?

ಒಬ್ಬರೂ “ಮಿಸ್” ಅನ್ನಲಿಲ್ಲ.
ಸ್ವಲ್ಪ ನೋವಾಯಿತು, ಸುಳ್ಳು ಹೇಳಲಾರೆ.

ಸಂಜೆ, ಬೆಂಚಿಗೆ ಅಂಟಿದ ಸಿಹಿ ಲೋಳೆ,
ಅದಕ್ಕೆ ಇರುವೆ ಸಾಲು.
ಡಬ್ಬಿಗೆ ತಾವೇ ವಾಪಸು ಹಾಕಿದ್ದರು ಕಾರ್ಡು, ಅಂಚಿಗೆ ಕೆಂಪು ಬೆರಳು.
ತಿರುಗಿಸಿದೆ.
ನನ್ನ ಹದಿನಾಲ್ಕರ ಕೆಳಗೆ, ಸೊಂಡಿಲಿನ ಪಕ್ಕ,
ಪೆನ್ಸಿಲ್ಲಿನಲ್ಲಿ ಒತ್ತಿ ಬರೆದಿತ್ತು:
ಒಂಟಿ ಇಲದಿದ್ರೆ.

ಲಕಾರಕ್ಕೆ ಒತ್ತು ಬಿಟ್ಟುಹೋಗಿದೆ, ಕಂಡಿತು.
ಹಾಗೇ ದಾರ ಕಟ್ಟಿದೆ.