ಹತ್ತೋ ಹನ್ನೊಂದೋ

ಬಣ್ಣ ನೋಡಬೇಡ, ಅಂದ ಮಾವ ಮೊದಲ ದಿನವೇ,
ದೋಣಿಯಂಚಿಗೆ ಕೂತು ಮುಖಗನ್ನಡಿಗೆ ಉಗುಳಿ ಉಜ್ಜುತ್ತ.
ಬಣ್ಣ ನೋಡಿ ಹೆಸರಿಟ್ಟವನು ತಿಂಗಳೊಳಗೆ ಮೋಸ ಹೋಗುತ್ತಾನೆ.
ಇವತ್ತು ಕರಿ ಸ್ಪಂಜಿನ ಪಕ್ಕ ಕರಿ,
ಬರುವ ಅಮಾವಾಸ್ಯೆಗೆ ಅದೇ ಜಾಗದಲ್ಲಿ ನಿಂಬೆಹಣ್ಣು.

ಲೆಂಬೆ ಜಲಸಂಧಿಯ ತಳ ಕಪ್ಪು ಮರಳು,
ಬೆಂಕಿಬೆಟ್ಟ ಎಂದೋ ಕಕ್ಕಿದ್ದು.
ಅದರ ಮೇಲೆ ಬಿತುಂಗ್ ಪೇಟೆ ಬಿಸಾಕಿದ್ದೆಲ್ಲ:
ಒಂಟಿ ಚಪ್ಪಲಿ, ಸಿಮೆಂಟಿನ ಚೀಲ,
ಯಾರದೋ ಮಗುವಿನ ಮೂರು ಕಾಲಿನ ಪ್ಲಾಸ್ಟಿಕ್ ಕುದುರೆ.
ಇದರ ನಡುವೆ ಕಲ್ಲಿನಂತೆ ಕೂತದ್ದು
ಕಲ್ಲೇ ಇರಬಹುದು.
ಆಕಳಿಸಿದರೆ ಮಾತ್ರ ಕಪ್ಪೆಮೀನು.

ಗಾಳ ನೋಡು, ಅಂದ.
ಹಣೆಯಿಂದ ಹೊರಟ ಕಡ್ಡಿ, ಅದರ ತುದಿಯ ಎರೆ.
ಹುಳುವಿನ ಹಾಗೆ ಹೊರಳಿದರೆ ಅದು ಕೂದಲಿನದು,
ಮೈಮೇಲೆ ಒಂದು ಕೂದಲಿಲ್ಲದಿದ್ದರೂ ಕೂದಲಿನದೇ.
ಪುಟ್ಟ ಮೀನಾಗಿ ಈಜಿದರೆ ನರುಲಿಯದು.
ದೈತ್ಯನದೂ ಚಿತ್ತಾರದ್ದೂ ಸೀಗಡಿಯಂಥ ಕುಚ್ಚು,
ಅಲ್ಲೇ ಗೈಡುಗಳ ಮನೆ ಹಾಳಾಗುವುದು.

ಅಜ್ಜನ ಬಾಯಲ್ಲಿ ಈ ಹೆಸರು ಒಂದೂ ಇರಲಿಲ್ಲ.
ಬಲೆಗೆ ಬಿದ್ದರೆ
'ಬರೀ ಬಾಯಿ, ಮಾಂಸವೇ ಇಲ್ಲ' ಎಂದು
ಕಾಲಲ್ಲಿ ನೀರಿಗೆ ತಳ್ಳುತ್ತಿದ್ದನಂತೆ.

ಹಳೇ ಕಟ್ಟೆಯ ಕಂಬದ ಬುಡದಲ್ಲಿ ಒಂದು ಕೂತಿತ್ತು,
ಮುಷ್ಟಿಯಷ್ಟು, ಇದ್ದಿಲಿನಷ್ಟು ಕಪ್ಪು.
ದೈತ್ಯನ ಮರಿ, ಅಂದ ಪಕ್ಕದ ದೋಣಿಯ ವೆಂಪಿ.
ಚಿತ್ತಾರ, ಅಂದ ಎಲ್ಕಾನ ಮಾವ.
ಪಣಕ್ಕೆ ಒಂದು ಪೊಟ್ಟಣ ಲವಂಗದ ಸಿಗರೇಟು.

ಗಾಳ ಬೀಸಲಿ ಎಂದು ಮೂರು ದಿನ ಕಾದೆವು,
ಪ್ರವಾಸಿಗಳನ್ನು ದಡಕ್ಕೆ ಬಿಟ್ಟು, ಉಳಿದ ಗಾಳಿಯಲ್ಲಿ.
ಮೂರನೆಯ ಸಂಜೆ ಎತ್ತಿತು.
ತುದಿಯಲ್ಲಿ ಏನೂ ಇಲ್ಲ.
ಯಾವುದೋ ಹಸಿದ ಬಾಯಿ ಕಚ್ಚಿಕೊಂಡು ಹೋಗಿತ್ತು.
ಆದರೂ ಬೀಸುತ್ತಿತ್ತು ಬರಿಗಡ್ಡಿಯನ್ನು,
ಇದ್ದಂತೆಯೇ.

ಮಾವನ ಬಲಗೈಯಲ್ಲಿ ತೋರುಬೆರಳಿಲ್ಲ.
ಬಿಯರ್ ಬಾಟಲಿ, ಮದ್ದು, ಗಿಡ್ಡ ಬತ್ತಿ,
ನಾನು ಹುಟ್ಟುವ ಮುಂಚಿನ ಮಾತು;
ಮನೆಯಲ್ಲಿ ಯಾರೂ ಎತ್ತುವುದಿಲ್ಲ.
ಆವತ್ತು ಹೊಟ್ಟೆ ಮೇಲಾಗಿ ತೇಲಿದ ಮೀನು
ಮೂರು ಬುಟ್ಟಿ ತುಂಬಿತ್ತಂತೆ.
ಈಗ ನೀರಡಿಯಲ್ಲಿ ನಡುಬೆರಳಿಂದ ತೋರಿಸುತ್ತಾನೆ ಮೀನುಗಳನ್ನು,
ಪರದೇಶದವರು ಗುಳ್ಳೆಗಳ ನಡುವೆ ನಗುತ್ತಾರೆ.
ಯಾಕೆಂದು ಅವನಿಗೆ ಗೊತ್ತು.

ಕೊನೆಗುಳಿದದ್ದು ಎಣಿಕೆ.
ಪಕ್ಕದ ರೆಕ್ಕೆಯನ್ನು ಅದು ಕಂಬಕ್ಕೆ ಅಂಗೈಯಂತೆ ಊರಿತ್ತು.
ಒಳಗಿನ ಕಡ್ಡಿ ಹತ್ತಾದರೆ ಚಿತ್ತಾರ,
ಹನ್ನೊಂದಾದರೆ ದೈತ್ಯ,
ಒಮ್ಮೊಮ್ಮೆ ಹಾಗೂ ಅಲ್ಲ.
ನಾನು ಟಾರ್ಚು ಹಿಡಿದೆ.
ಮಾವ ಶಾಲೆಯ ಹುಡುಗನ ಹಾಗೆ
ಒಂದೊಂದೇ ಬೆರಳು ಮಡಿಸಿದ.
ಎರಡು ಕೈಯೂ ಮುಗಿದವು, ಇನ್ನೂ ಒಂದು ಕಡ್ಡಿ ಉಳಿದಿತ್ತು.
ಫಲಕದ ಮೇಲೆ ಬರೆದ: ಹನ್ನೊಂದು.
ಬರೆದು, ಪಣ ಸೋತ ಮುಖ ಮಾಡಿದ.

ಅಲ್ಲ ಅನ್ನಲು ನೀರಲ್ಲಿ ಮಾತಿಲ್ಲ.
ನನ್ನ ಎರಡೂ ಅಂಗೈ ಬಿಚ್ಚಿ ಬೆಳಕಿಗೆ ಹಿಡಿದೆ.
ಮಾವ ನನ್ನ ಕೈ ನೋಡಿದ, ಬಹಳ ಹೊತ್ತು,
ಆಮೇಲೆ ತನ್ನದನ್ನು.
ಗುಳ್ಳೆಗಳು ಒಮ್ಮೆಗೇ ಭುಗ್ಗೆಂದವು,
ನಕ್ಕನೋ ಏನೋ, ಮುಖಗನ್ನಡಿಯೊಳಗೆ ತಿಳಿಯಲಿಲ್ಲ.
ಅಷ್ಟರಲ್ಲಿ ಮೀನು ಬೇಸತ್ತು
ಮೋಟುಕಾಲಿನಲ್ಲಿ ನಾಲ್ಕು ಹೆಜ್ಜೆ ನಡೆದು
ಚಪ್ಪಲಿಯ ಹಿಂದೆ ಕೂತಿತು.

ವೆಂಪಿ ಒಪ್ಪಲಿಲ್ಲ. ಒಂದು ಕಡ್ಡಿ ಚರ್ಮದೊಳಗೆ ಅಡಗಿರುತ್ತೆ, ಅಂದ.
ಪೊಟ್ಟಣ ಇಬ್ಬರೂ ಸೇರಿ ಸೇದಿ ಮುಗಿಸಿದರು.

ಮರುತಿಂಗಳು ಅದೇ ಕಂಬದಲ್ಲಿ ಹಳದಿಯದೊಂದು,
ಬಾಲದಲ್ಲಿ ಮೂರು ದುಂಡು ಚುಕ್ಕೆ.
ಅದೇನಾ ಬೇರೆಯಾ ಹೇಳಲಾರೆ.
ಹಣೆಯ ಕಡ್ಡಿ ಎತ್ತಿತು;
ತುದಿಯಲ್ಲಿ ಎಳೆಗೂಸಿನ ಉಗುರಿನಷ್ಟು
ಗುಲಾಬಿ ಕುಚ್ಚು ಮೂಡುತ್ತಿತ್ತು.

ಮಾವ ಅತ್ತ ಯಾರಿಗೋ ಏಡಿ ಹುಡುಕುತ್ತಿದ್ದ.
ನಾನು ಬೆರಳು ತೋರಲಿಲ್ಲ.