ಮರಳು

ಓಡೀಲ್ ಶ್ಯಾಸೊಂ ಚಿತ್ರವನ್ನು ಗೋಡೆಯಿಂದ ಇಳಿಸಲಿಲ್ಲ.
ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ
ಕೆಳಗಿನ ಎಡಮೂಲೆಯಲ್ಲಿ ಬೆರಳಿಟ್ಟಳು:
"ಇದು ಯಾರದು?"

ಮೀನುಗಾರರ ಸಂಘದ ಗೋಡೆ ಅದು.
ಲಾಬ್‌ಸ್ಟರ್ ದರಪಟ್ಟಿಯ ಪಕ್ಕದಲ್ಲಿ
ಏಳು ವರ್ಷಗಳಿಂದ ತೂಗುತ್ತಿದೆ ನನ್ನ ಹಕ್ಕಿ:
ಗುಬ್ಬಿಗಿಂತ ತುಸು ದೊಡ್ಡದು, ಕೊರಳಿಗೆ ಕರಿದಾರ ಕಟ್ಟಿದ ಹಾಗೆ,
ಒಂದು ರೆಕ್ಕೆ ನೆಲಕ್ಕೆ ಹಾಸಿ, ಬಾಲವನ್ನು ಬೀಸಣಿಗೆ ಮಾಡಿ,
ಬೆಳಗಿನ ಎಳೆಬಿಸಿಲಲ್ಲಿ.
ಅಡಿಬರಹವೂ ನನ್ನದೇ: "ದಿಬ್ಬದ ನರ್ತಕಿ".

ಫೆರ್ರಿಯ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ
ಬಲ್ಬಿನ ಬೆಳಕು ಬಿಟ್ಟು ಬೇರೆ ಬೆಳಕು ಕಾಣದವನಿಗೆ
ಆ ಚಿತ್ರ ಕೆಬೆಕ್‌ನಿಂದ ಗಾಜಿನದೊಂದು ಫಲಕ ತಂದಿತು.
ಹಲ್ಲಿನ ಡಾಕ್ಟರು ಒಂದು ಪ್ರತಿ ಕೊಂಡರು.
ಈಗಲೂ ಅಲ್ಲಿ ಬಾಯಿ ತೆರೆದು ಮಲಗಿದವರೆಲ್ಲ
ಆ ರೆಕ್ಕೆಯನ್ನೇ ನೋಡುತ್ತಾರೆ.

"ಯಾರದು ಇದು?" ಮತ್ತೆ ಕೇಳಿದಳು.

ನೆರಳು. ಬಂಡೆಯದಿರಬೇಕೆಂದು ಕತ್ತರಿಸದೆ ಬಿಟ್ಟಿದ್ದೆ.
ಆ ದಂಡೆಯಲ್ಲಿ ಬಂಡೆಯೇ ಇಲ್ಲ.
ಟೋಪಿ, ಭುಜ, ಸ್ಟ್ಯಾಂಡಿನ ಮೂರು ಕಾಲು.
ನೆರಳು ಮುಗಿಯುವಲ್ಲಿ, ಚಿಪ್ಪಿನ ಚೂರುಗಳ ನಡುವೆ,
ಚೂರುಗಳ ಹಾಗೆಯೇ ಬಿದ್ದಿರುವ ನಾಲ್ಕು.
ಊರಿಗೆ ಊರೇ ನೋಡಿದ ಚಿತ್ರ, ಯಾರೂ ಎಣಿಸಿರಲಿಲ್ಲ.
ನಾನೂ.

ಅವಳು ಬೈಯಲಿಲ್ಲ. ಬೈದಿದ್ದರೆ ಜಗಳ ಆಡಬಹುದಿತ್ತು.
ಉತ್ತರಗಳು ತಯಾರಿದ್ದವು: ಆಗಿನ್ನೂ ಹಗ್ಗ ಕಟ್ಟಿರಲಿಲ್ಲ,
ಎಚ್ಚರಿಕೆಯ ಹಲಗೆ ಗಾಳಿಗೆ ಮಗುಚಿತ್ತು,
ನನಗಿಂತ ಮೊದಲೇ ಇಬ್ಬರು ನಿಂತಿದ್ದರು, ನಾನು ಮೂರನೆಯವನು.

"ನರಿ ಬಂದಾಗ ಆಡುವ ಆಟ ಇದು," ಅಂದಳು.
"ರೆಕ್ಕೆ ಮುರಿದಿದೆ, ನನ್ನನ್ನು ಹಿಡಿ, ಆ ಕಡೆ ಮಾತ್ರ ನೋಡಬೇಡ, ಅಂತ.
ನಿನ್ನ ಮುಂದೆ ಎಷ್ಟು ಹೊತ್ತು ಆಡಿತು?"

ಇಪ್ಪತ್ತು ನಿಮಿಷ, ಅಂದೆ.
ಬೆಳಕು ಹದಕ್ಕೆ ಬರಬೇಕಿತ್ತು.

ನಮ್ಮ ಮದ್ಲೆನ್ ದ್ವೀಪದಲ್ಲಿ ಜೂನ್‌ನಲ್ಲೂ ಬೆರಳು ಮರಗಟ್ಟುತ್ತದೆ.
ಇಪ್ಪತ್ತು ನಿಮಿಷಕ್ಕೆ ಫ್ಲಾಸ್ಕಿನ ಮುಚ್ಚಳದ ಕಾಫಿ
ತಣ್ಣಗೆ ಕೊರೆಯುತ್ತದೆ.
ನಾಲ್ಕರ ಕತೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಆ ವರ್ಷದ ಪುಟ ಅವಳ ದಪ್ಪ ಪುಸ್ತಕದಲ್ಲಿ ಇದ್ದೇ ಇದೆ.
ಹಕ್ಕಿ ಮರಳಿತೇ ಆ ಮರಳಿಗೆ?
ಅದು ಚಿತ್ರದಲ್ಲಿಲ್ಲ.

ಈ ವರ್ಷ ನನ್ನನ್ನೇ ಕಾವಲಿಗೆ ಹಾಕಿದ್ದಾಳೆ.
ಮಡಿಸುವ ಕುರ್ಚಿ, ಕಿತ್ತಳೆ ಬಣ್ಣದ ಜಾಕೆಟ್, ಕ್ಯಾಮೆರಾ ಮನೆಯಲ್ಲಿ.
ಮಂಗಳವಾರ ಮಾಂಟ್ರಿಯಲ್‌ನ ಹುಡುಗನೊಬ್ಬ ಬಂದ, ಯಾನಿಕ್ ಅಂತೆ,
ತೋಳುದ್ದದ ಲೆನ್ಸು, ತುಂಬ ಮರ್ಯಾದಸ್ಥ.
"ಎರಡೇ ನಿಮಿಷ ಸಾರ್, ಗೂಡು ಎಲ್ಲಿ ಅಂತ ಹೇಳಿ ಸಾಕು."
ಎರಡು ನಿಮಿಷ. ಆ ಮಾತು ನನಗೆ ಚೆನ್ನಾಗಿ ಗೊತ್ತು,
ಅದು ಹೇಗೆ ಹಿಗ್ಗುತ್ತದೆ ಅನ್ನುವುದೂ.

ನಿಯಮ ಹೇಳಬೇಕಿತ್ತು. ಹಗ್ಗ ತೋರಿಸಬೇಕಿತ್ತು.
ಬದಲಿಗೆ ಎದ್ದೆ, ಮೊಣಕಾಲು ಹಿಡಿದು ನರಳಿದೆ:
"ಕಟ್ಟೆಯವರೆಗೆ ಸ್ವಲ್ಪ ಕೈ ಕೊಡ್ತೀಯಾ ಮಗಾ?"
ಪಾಪ, ಲೆನ್ಸು ಬೆನ್ನಿಗೆ ಹಾಕಿ ಭುಜ ಕೊಟ್ಟ.
ಕುಂಟುತ್ತ, ನಿಲ್ಲುತ್ತ, ಎಂಜಿನ್ ಕೋಣೆಯ ಕತೆ ಹೇಳುತ್ತ
ಅರ್ಧ ಮೈಲಿ ಒಯ್ದೆ ಅವನನ್ನು, ಗೂಡಿಗೆ ಬೆನ್ನು ಮಾಡಿ.
ಕಟ್ಟೆಯಲ್ಲಿ ಕಡಲಹಕ್ಕಿಗಳು ಮೀನಿನ ಕರುಳಿಗೆ ಕಿತ್ತಾಡುತ್ತಿದ್ದವು.
ಅವನ್ನೇ ತೆಗೆದ. ಖುಷಿಯಲ್ಲೇ ತೆಗೆದ.

ಹಿಂದೆ, ದೂರದಲ್ಲಿ, ಹಗ್ಗದಾಚೆ,
ಹಕ್ಕಿ ನಾಲ್ಕು ಹೆಜ್ಜೆ ಓಡಿ ನಿಂತಿತು, ಮತ್ತೆ ನಾಲ್ಕು.
ಮರಳಿತು. ಕೂತಿತು.
ಕೂತು ಮರಳಾಯಿತು.

ಸಂಜೆ ಓಡೀಲ್ ಬಂದಳು, ಕೊರಳಲ್ಲಿ ದುರ್ಬೀನು.
"ದಿಬ್ಬದಿಂದ ಎಲ್ಲ ನೋಡಿದೆ.
ನಿನಗೆ ನೋವಿರುವುದು ಎಡ ಮೊಣಕಾಲಲ್ಲವೇ?"

ಹೌದು, ಅಂದೆ.

"ಬಲಗಾಲು ಕುಂಟುತ್ತಿದ್ದೆ."