ಕಾರಿಗೊಂದು ಒಳಂಗಿ

ಟೂಸಾನಿನ ಜೂನು. ಬೆಳಗಿನ ಆರಕ್ಕೇ
ಗ್ಯಾರೇಜಿನ ತಗಡು ಟಿಕ್ ಟಿಕ್ ಎಂದು ಹಿಗ್ಗತೊಡಗುತ್ತದೆ.
ಎರಡೇ ಸೀಟಿನ ಕೆಂಪು ಕಾರು, ಎಪ್ಪತ್ತೆರಡರದು,
ತಾಮ್ರದ ಗಣಿಯಲ್ಲಿ ಲಾರಿ ಹೊಡೆದು ಕೊಂಡದ್ದು.
ಒಳಗೆ ಕೂತರೆ ಅಂಗಾಲು ಕಾವಲಿಯ ಮೇಲೆ,
ತಲೆ ಹಿಟ್ಟಿನ ಗಿರಣಿಯಲ್ಲಿ.

ಒಟೀಲಿಯಾ ಒಂದು ದಿನವೂ ಬೇಡ ಎಂದವಳಲ್ಲ.
ಭಾನುವಾರ ಬಲಿಪೂಜೆ ಮುಗಿಸಿ ಸ್ಕಾರ್ಫು ಬಿಗಿದು,
ಒದ್ದೆ ಟವೆಲು ಪಾದದಡಿ ಹಾಸಿಕೊಂಡು ಕೂರುತ್ತಾಳೆ,
ಸೊನೋಯ್ಟಾದವರೆಗೆ ಹೋಗಿ ಬರುತ್ತೇವೆ.
ಮೂವತ್ತೊಂದು ವರ್ಷ. ದಾರಿಯುದ್ದಕ್ಕೂ ಮೂರೇ ಮಾತು,
ಅದೂ ಕೂಗಿ: ನೀರು. ನಿಧಾನ. ಸಾಕು.

ಅವಳ ಅರವತ್ತಕ್ಕೆ ಏನಾದರೂ ಕೊಡೋಣ ಎಂದು
ಸೀಟು ಬಿಚ್ಚಿದೆ. ಎಂಟು ಬೋಲ್ಟು; ಒಂದು ಮುರಿಯಿತು.
ಜಮಖಾನೆ ಕಿತ್ತರೆ ಹೊಟ್ಟಿನಂಥ ದೂಳು,
ಒಂದು ಪೆಸೊ, ಅವಳ ಹೇರ್‌ಪಿನ್ನು ನಾಲ್ಕು,
ಕರಗಿ ಮತ್ತೆ ಗಟ್ಟಿಯಾದ ಪೆಪ್ಪರಮಿಂಟು.
ಅದರ ಕೆಳಗೆ ಕಂಪನಿಯವರು ಬಳಿದ ಹಳೇ ಟಾರು.
ಡ್ರೈ ಐಸು ಸುರಿದು ಸುತ್ತಿಗೆಯಲ್ಲಿ ತಟ್ಟಿದರೆ
ಚಿಕ್ಕಿಯ ಹಾಗೆ ಚೂರುಚೂರು.

ಬೆರಳ ಗೆಣ್ಣಿನಿಂದ ತಳವನ್ನು ತಟ್ಟುತ್ತಾ ಹೋದೆ,
ಕಲ್ಲಂಗಡಿ ಕೊಳ್ಳುವವನಂತೆ.
ಎಲ್ಲಿ ಟಣ್ ಅನ್ನುತ್ತದೋ ಅಲ್ಲಿ ರೋಗ.
ಅಲ್ಲಿಗೆ ಬೆಳ್ಳಿಮೈಯ ಅಂಟುಹಾಳೆ,
ಮರದ ರೋಲರಿನಿಂದ ಲಟ್ಟಿಸಿ ಲಟ್ಟಿಸಿ,
ಗಾಳಿಗುಳ್ಳೆ ಒಂದೂ ಉಳಿಯದ ಹಾಗೆ.
ಮೇಲೆ ಫೋಮು. ಗೇರುಪೆಟ್ಟಿಗೆಯ ಗೂನುಬೆನ್ನಿಗೆ ಎರಡು ಪದರ,
ಹೊಗೆಕೊಳವೆ ಹಾಯುವಲ್ಲಿ ಮೂರು.
ಎಂಜಿನ್ನಿಗೂ ನಮಗೂ ನಡುವಿನ ತಗಡುಗೋಡೆಯಲ್ಲಿ
ತಂತಿ ನುಸುಳುವ ತೂತುಗಳು, ಹದಿನಾಲ್ಕು.
ಬೆರಳಿಟ್ಟು ಹುಡುಕಿ ಒಂದೊಂದನ್ನೇ ಮುಚ್ಚಿದೆ.

ಪಕ್ಕದ ಮನೆಯ ಸಿಪ್ರಿಯಾನೊ ಇಣುಕಿ ನಕ್ಕ:
"ಕಾರಿಗೆ ಒಳಂಗಿ ಹೊಲೀತಿದ್ದೀಯೇನೋ?
ನಲವತ್ತು ಪೌಂಡು ಜಾಸ್ತಿ ಆಯ್ತು. ಇನ್ನು ಓಡಿದ ಹಾಗೇ."
ಓಡುವ ವಯಸ್ಸು ಯಾರದಿತ್ತು ಅಲ್ಲಿ.

ಭಾನುವಾರ ಬಾಗಿಲು ಹಾಕಿದರೆ
ಟಣ್ ಅಲ್ಲ, ದಪ್ ಎಂದಿತು.
ಟವೆಲು ಬದಿಗಿಟ್ಟು, ಚಪ್ಪಲಿ ಕಳಚಿ,
ಬರಿಗಾಲಿನಲ್ಲಿ ಮುಟ್ಟಿ ನೋಡಿ "ತಣ್ಣಗಿದೆ" ಎಂದಳು.
ಕೂಗಲಿಲ್ಲ, ಬರೇ ಎಂದಳು. ನಾನು ಬೀಗಿದೆ.

ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ಹೊರಳಿದ ಏರಿನಲ್ಲಿ
ಒಂದು ಗುಣುಗುಣು.
ಬೇರಿಂಗು ಸವೆದಿರಬೇಕು ಅಂದುಕೊಂಡೆ.
ಕಿವಿಗೊಟ್ಟೆ. ಬೇರಿಂಗಲ್ಲ,
ಒಟೀಲಿಯಾ.
ಕಿಟಕಿಯ ಕಡೆ ಮುಖ ಮಾಡಿ
ಸತ್ತ ತಂಗಿಗೆ ವಾರದ ವರದಿ ಒಪ್ಪಿಸುತ್ತಿದ್ದಾಳೆ:
"ಮೊಣಕಾಲು ಹಾಗೇ ಇದೆ ಎಲ್ವೀರಾ, ಇವನಿಗೆ ಹೇಳಿಲ್ಲ.
ನಿಂಬೆಗಿಡ ಈ ಸಲ ಆರೇ ಕಾಯಿ.
ಕಾರಿಗೆ ಏನೋ ಮಾಡಿದ್ದಾನೆ ನನಗಾಗಿ,
ಬೆನ್ನು ಹಿಡಿದುಕೊಂಡೇ ಮಾಡಿದ ಪಾಪ, ನೀನು ನೋಡಿದ್ದರೆ..."

ಅಲ್ಲಿಗೆ ಅವಳಿಗೂ ತನ್ನ ದನಿ ಕೇಳಿಸಿತು.
ಗಪ್ಪೆಂದು ನಿಂತಿತು.
ಕೈಚೀಲದ ಜಿಪ್ಪು ತೆಗೆದು ಹಾಕಿದಳು, ತೆಗೆದು ಹಾಕಿದಳು.
ಅದೂ ಕೇಳಿಸಿತು.

ಮೂವತ್ತೊಂದು ವರ್ಷ ನನ್ನ ಮೊಣಕೈಯ ಪಕ್ಕದಲ್ಲೇ
ಅವಳಿಗೊಂದು ಕೋಣೆಯಿತ್ತು.
ಸದ್ದೇ ಗೋಡೆ, ಸದ್ದೇ ಅಗುಳಿ.
ರೋಲರು ಹಿಡಿದು ನಾನದನ್ನು
ಒಂದು ಬಿರುಕೂ ಬಿಡದೆ ಕೆಡವಿದ್ದೆ.

ನಿಂಬೆಗಿಡದ ಮಾತು ಬಾಯಿಗೆ ಬಂತು, ನುಂಗಿದೆ.
ಮೊಣಕಾಲಿನದೂ.
ಆಮೇಲೆ "ಸೆಕೆ" ಎಂದೆ, ಸೆಕೆಯಿಲ್ಲದ ಕಾರಿನಲ್ಲಿ,
ಹಿಡಿ ತಿರುಗಿಸಿ ನನ್ನ ಕಡೆಯ ಗಾಜು ಇಳಿಸಿದೆ.
ಸ್ವಲ್ಪ ಹೊತ್ತು ಬಿಟ್ಟು ಅವಳೂ ತನ್ನದನ್ನು.
ಮರುಭೂಮಿಯೇ ಒಳನುಗ್ಗಿತು: ಬಿಸಿ, ಮರಳು,
ಎದುರು ಬರುವ ಲಾರಿಯ ಅಬ್ಬರ. ಸ್ಕಾರ್ಫು ಪಟಪಟ.

ಸೊನೋಯ್ಟಾದ ಹುಲ್ಲುಗಾವಲು ಕಾಣುವ ಹೊತ್ತಿಗೆ
ಅವಳ ತುಟಿ ಮತ್ತೆ ಅಲ್ಲಾಡುತ್ತಿತ್ತು.
ಏನೂ ಕೇಳಿಸಲಿಲ್ಲ. ರಸ್ತೆ ನೋಡಿಕೊಂಡು ಓಡಿಸಿದೆ.
ಅಂಗಾಲು ಮಾತ್ರ ತಣ್ಣಗಿತ್ತು.